ಸತ್ಯ ಹೇಳುವ ಅಧಿಕಾರ: ಹೆಗ್ಗೋಡು ಪರಿಸರದ ಚಿಂತನೆ ಮತ್ತು ಯುರೋಪಿನ ತತ್ತ್ವಶಾಸ್ತ್ರ

ಜರ್ಮನಿ, ಫ್ರಾನ್ಸ್‌ಗಳಲ್ಲಿ ಬೆಳೆದ ಆಧುನಿಕ ತತ್ತ್ವಶಾಸ್ತ್ರ ಕನ್ನಡಕ್ಕೆ ಬಂದದ್ದು ಹೇಗೆ ಎಂದು ಕೇಳಿದರೆ ಸಾಮಾನ್ಯವಾಗಿ ಎರಡು ಉತ್ತರಗಳು ಸಿಗುತ್ತವೆ. ನವ್ಯರು ಇಂಗ್ಲಿಷಿನ ಮೂಲಕ ಅಸ್ತಿತ್ವವಾದವನ್ನು ಎರವಲು ತಂದರು ಎನ್ನುವುದು ಒಂದು; ಆಮೇಲಿನ ವಿಮರ್ಶಕರು ಫೂಕೋ, ಡೆರಿಡಾ ಮೊದಲಾದವರನ್ನು ಪರಿಚಯಿಸಿದರು ಎನ್ನುವುದು ಇನ್ನೊಂದು. ಎರಡರಲ್ಲೂ ಯುರೋಪು ಕೊಡುವ ಕೈ, ಕನ್ನಡ ಬೇಡುವ ಕೈ. ಸಾಗರ, ಹೊಸನಗರ, ತೀರ್ಥಹಳ್ಳಿ, ಸೊರಬ ಸೀಮೆಯ ಬರಹ ಮತ್ತು ವಾಗ್ವಾದಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಈ ಚಿತ್ರ ನಿಲ್ಲುವುದಿಲ್ಲ. ಇಲ್ಲಿ ಯುರೋಪಿನ ವಿಚಾರಗಳು ಸಿದ್ಧಾಂತಗಳಾಗಿ ನೆಲೆಗೊಳ್ಳಲಿಲ್ಲ. ಸ್ಥಳೀಯವಾದ ಒಂದು ಪ್ರಶ್ನೆಗೆ ಒದಗಿಬಂದವು. ಇನ್ನೊಬ್ಬರ ಬದುಕು, ನಂಬಿಕೆ, ಪೂಜೆಗಳ ಬಗ್ಗೆ ಸತ್ಯ ಹೇಳುವ ಅಧಿಕಾರ ಯಾರಿಗಿದೆ ಎಂಬುದೇ ಆ ಪ್ರಶ್ನೆ. ಅದು 1960ರ ದಶಕದಲ್ಲಿ ವ್ಯಕ್ತಿಯ ಅಂತರಂಗದ ಸಮಸ್ಯೆಯಾಗಿ, 1970 ಮತ್ತು 80ರ ದಶಕಗಳಲ್ಲಿ ಜ್ಞಾನಕ್ಕಿರುವ ಅಧಿಕಾರದ ಸಮಸ್ಯೆಯಾಗಿ, ಈ ಶತಮಾನದಲ್ಲಿ ರಿಲಿಜನ್ ಎಂಬ ಪರಿಕಲ್ಪನೆಯದೇ ಸಮಸ್ಯೆಯಾಗಿ ಮೂರು ಘಟ್ಟಗಳಲ್ಲಿ ಬೆಳೆಯಿತು ಎಂಬುದು ಈ ಲೇಖನದ ವಾದ.

ಈ ಸೀಮೆಯಲ್ಲಿ ಅಧಿಕಾರದ ಪ್ರಶ್ನೆ ಪುಸ್ತಕಕ್ಕಿಂತ ಮೊದಲು ಗದ್ದೆಯಲ್ಲಿ ಎದ್ದಿತ್ತು. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ದೀವರ ಗೇಣಿದಾರರು ನಡೆಸಿದ ಸತ್ಯಾಗ್ರಹದ ಕಾರಣಗಳಲ್ಲಿ ಮುಖ್ಯವಾದದ್ದು ಗೇಣಿಯ ಭತ್ತ ಅಳೆಯುವ ಕೊಳಗದ ಗಾತ್ರ. ಯಾವ ಕೊಳಗ ಸರಿಯಾದ ಕೊಳಗ ಎಂದು ನಿರ್ಧರಿಸುವವನೇ ಒಡೆಯ ಎಂಬುದು ಅಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ. ಬರ್ಲಿನ್ನಿನಲ್ಲಿ ಡಾಕ್ಟರೇಟ್ ಪಡೆದಿದ್ದ ರಾಮಮನೋಹರ ಲೋಹಿಯಾ ಆ ಹೋರಾಟಕ್ಕೆ ಬಂದು ಬಂಧನಕ್ಕೊಳಗಾದರು; ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರ ರಾಜಕೀಯ ಬದುಕಿಗೆ ಅದು ತಿರುವು ಕೊಟ್ಟಿತು. ಇದಕ್ಕೆ ಎರಡು ವರ್ಷ ಮೊದಲು, 1949ರಲ್ಲಿ, ಹತ್ತಿರದ ಹೆಗ್ಗೋಡಿನಲ್ಲಿ ನೀಲಕಂಠೇಶ್ವರ ನಾಟ್ಯಸೇವಾ ಸಂಘ, ಅಂದರೆ ನೀನಾಸಮ್, ಹುಟ್ಟಿತ್ತು. ಕೆ.ವಿ. ಸುಬ್ಬಣ್ಣನವರ ನೇತೃತ್ವದಲ್ಲಿ 1973ರಲ್ಲಿ ಚಿತ್ರಸಮಾಜ, 1980ರಲ್ಲಿ ರಂಗಶಿಕ್ಷಣ ಕೇಂದ್ರ, 1985ರಲ್ಲಿ ತಿರುಗಾಟ, ಜೊತೆಗೆ ಅಕ್ಷರ ಪ್ರಕಾಶನ ಮತ್ತು ವರ್ಷಕ್ಕೊಮ್ಮೆಯ ಸಂಸ್ಕೃತಿ ಶಿಬಿರ ರೂಪುಗೊಂಡವು. 1960ರ ದಶಕದಲ್ಲಿ ನವ್ಯ ಕವಿ ಗೋಪಾಲಕೃಷ್ಣ ಅಡಿಗರು ಸಾಗರದ ಲಾಲ್ ಬಹಾದೂರ್ ಕಾಲೇಜಿನ ಪ್ರಾಂಶುಪಾಲರಾಗಿದ್ದರು. ಹೀಗೆ ತತ್ತ್ವಶಾಸ್ತ್ರದ ವಿಭಾಗವೊಂದು ಇಲ್ಲದೆಯೇ ತಾತ್ತ್ವಿಕ ಚರ್ಚೆ ಸಾಧ್ಯವಾಗುವ ಸಂದರ್ಭ ಇಲ್ಲಿ ಕೂಡಿಬಂತು. ವಿಚಾರ ಇಲ್ಲಿಗೆ ನಾಟಕವಾಗಿ, ಸಿನಿಮಾವಾಗಿ, ಕಾದಂಬರಿಯಾಗಿ ಬಂತು. ಅಡಿಕೆ ಬೆಳೆಗಾರರೂ ಶಾಲಾ ಮಾಸ್ತರರೂ ಕೂತು ವಾದಿಸಬಹುದಾದ ರೂಪದಲ್ಲಿ ಬಂತು.

ಮೊದಲ ಘಟ್ಟದ ಮುಖ್ಯ ಸಾಕ್ಷ್ಯ ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ (1965). ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆಯಲ್ಲಿ ಹುಟ್ಟಿದ ಲೇಖಕರು ಇದನ್ನು ಬರೆದದ್ದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ. ಪ್ಲೇಗಿನ ಕಾಲದ ಕಥೆ ಹೇಳುವ ಬರ್ಗ್‌ಮನ್‌ನ ‘ದಿ ಸೆವೆಂತ್ ಸೀಲ್’ ಚಿತ್ರವನ್ನು ನೋಡಿದ್ದು ಪ್ರೇರಣೆಯಾಯಿತೆಂದು ಅವರೇ ಹೇಳಿಕೊಂಡಿದ್ದಾರೆ. ಆದ್ದರಿಂದ ಕಾದಂಬರಿಯ ನಾಯಕ ಪ್ರಾಣೇಶಾಚಾರ್ಯನನ್ನು ಅಸ್ತಿತ್ವವಾದಿ ಸಾರ್ತ್ರನ ಮನುಷ್ಯನ ಮಲೆನಾಡಿನ ಪ್ರತಿರೂಪವೆಂದು ಓದುವುದು ರೂಢಿಯಾಯಿತು. 1945ರ ಪ್ಯಾರಿಸ್ ಉಪನ್ಯಾಸದಲ್ಲಿ ಸಾರ್ತ್ರ್ ಮಂಡಿಸಿದ ಪ್ರಕಾರ ಮನುಷ್ಯನಿಗೆ ಮೊದಲೇ ನಿಗದಿಯಾದ ಸ್ವಭಾವವಿಲ್ಲ. ಆಯ್ಕೆಗಳ ಮೂಲಕ ಅವನು ತನ್ನನ್ನು ತಾನೇ ರೂಪಿಸಿಕೊಳ್ಳುತ್ತಾನೆ. ಆಚಾರ್ಯನ ಸ್ಥಿತಿ ಇದಕ್ಕಿಂತ ಜಟಿಲ. ಆಚಾರ ಮೀರಿ ಬದುಕಿ ಸತ್ತ ನಾರಣಪ್ಪನ ಹೆಣದ ಸಂಸ್ಕಾರ ಯಾರು ಮಾಡಬೇಕೆಂಬುದಕ್ಕೆ ಗ್ರಂಥಗಳಲ್ಲಿ ಉತ್ತರ ಸಿಗುವುದಿಲ್ಲ, ಮಾರುತಿ ಪ್ರಸಾದ ಕೊಡುವುದಿಲ್ಲ. ನಾರಣಪ್ಪನ ಸಂಗಾತಿ ಚಂದ್ರಿಯ ಜೊತೆ ಕೂಡಿದ ಮೇಲೆ ಅವನನ್ನು ಕಾಡುವುದು ಬರಿಯ ಆಯ್ಕೆಯ ಭಾರವಲ್ಲ. ಧರ್ಮದ ವಿಷಯದಲ್ಲಿ ಅಗ್ರಹಾರಕ್ಕೆ ಕಡೆಯ ಮಾತು ತನ್ನದೇ ಆಗಿತ್ತು ಎಂಬ ಅರಿವು. ಅವನ ಆತ್ಮ ಅವನೊಬ್ಬನದಲ್ಲ. ಊರವರು ಅವನ ಮೇಲಿಟ್ಟ ನಂಬಿಕೆಯಿಂದ ಆದದ್ದು. ಹೋಗಿ ನಿಜ ಹೇಳಬೇಕೆ, ಹೇಳಿದರೆ ಅವರ ಗತಿಯೇನು ಎಂಬಲ್ಲಿಗೆ ಕಾದಂಬರಿ ನಿಲ್ಲುತ್ತದೆ. ಆಪತ್ತನ್ನು ಮೈಮೇಲೆ ಎಳೆದುಕೊಂಡು ನಿಜ ನುಡಿಯುವ ಧೈರ್ಯವನ್ನು ಫೂಕೋ ತನ್ನ ಕೊನೆಯ ಉಪನ್ಯಾಸಗಳ ವಸ್ತುವಾಗಿಸಿಕೊಂಡದ್ದು 1984ರಲ್ಲಿ. ‘ಸಂಸ್ಕಾರ’ ಆ ಹೊಸ್ತಿಲಿಗೆ ಸುಮಾರು ಇಪ್ಪತ್ತು ವರ್ಷ ಮೊದಲೇ ಬಂದು ನಿಂತಿತ್ತು.

‘ಭಾರತೀಪುರ’ (1973) ಹೊಸ್ತಿಲು ದಾಟಿ ಎರಡನೆಯ ಘಟ್ಟವನ್ನು ತೆರೆಯಿತು. ಇಂಗ್ಲೆಂಡಿನಿಂದ ಮರಳಿದ ಜಗನ್ನಾಥ ಹೊಲೆಯರನ್ನು ಮಂಜುನಾಥನ ದೇವಸ್ಥಾನದೊಳಗೆ ಕರೆದೊಯ್ಯಲು ನಿಶ್ಚಯಿಸುತ್ತಾನೆ. ಅದಕ್ಕೆ ಮುನ್ನ ಮನೆಯ ಸಾಲಿಗ್ರಾಮವನ್ನು ಅವರ ಮುಂದೆ ಹಿಡಿದು ಮುಟ್ಟಲು ಹೇಳುತ್ತಾನೆ. ಅವರು ಹಿಂಜರಿದಾಗ ಅವನ ಕೋರಿಕೆ ಆಜ್ಞೆಯಾಗುತ್ತದೆ, ಅವರು ಹೆದರಿ ಮುಟ್ಟುತ್ತಾರೆ. ಅದು ಬರಿಯ ಕಲ್ಲು ಎಂಬ ಅವನ ಸತ್ಯ ಸುಳ್ಳಲ್ಲ, ಅಸ್ಪೃಶ್ಯತೆಯ ವಿರುದ್ಧ ಅವನ ಸಿಟ್ಟೂ ನಿಜವಾದದ್ದು. ಆದರೂ ಆ ಕ್ಷಣದಲ್ಲಿ ಬಿಡುಗಡೆಯ ಸತ್ಯ ಯಜಮಾನನ ದನಿಯಲ್ಲೇ ಮಾತಾಡುತ್ತದೆ. ಜ್ಞಾನವೂ ಅಧಿಕಾರವೂ ಒಂದನ್ನೊಂದು ಉತ್ಪಾದಿಸುತ್ತವೆ ಎಂದು ತೋರಿಸಿದ ಫೂಕೋನ ಸೆರೆಮನೆಗಳ ಕುರಿತ ಗ್ರಂಥ ಹೊರಬಂದದ್ದು 1975ರಲ್ಲಿ. ಮೂಲ ಫ್ರೆಂಚಿನಲ್ಲೇ ಆ ಕೃತಿ ಎರಡು ವರ್ಷ ತಡವಾಗಿ ಬಂದಿರುವಾಗ ಇದನ್ನು ಪ್ರಭಾವ ಎನ್ನಲಾಗದು. ಜಾತಿ, ಗೇಣಿ, ದೇವಸ್ಥಾನಗಳು ಹೆಣೆದುಕೊಂಡ ಮಲೆನಾಡಿನ ಬದುಕನ್ನು ನಿಷ್ಠೆಯಿಂದ ನೋಡಿದ ಕಾದಂಬರಿಕಾರನಿಗೆ ಅದೇ ತೊಡಕು ಕಂಡಿತು. ಪ್ರಭಾವದ ಕಥನಕ್ಕೆ ಇದಕ್ಕಿಂತ ಗಟ್ಟಿಯಾದ ಪ್ರತಿಸಾಕ್ಷ್ಯ ಬೇಕಿಲ್ಲ.

1986ರಲ್ಲಿ ಸೊರಬ ತಾಲ್ಲೂಕಿನ ಚಂದ್ರಗುತ್ತಿಯಲ್ಲಿ ಈ ತೊಡಕು ಸಾರ್ವಜನಿಕ ವಿವಾದವಾಗಿ ಸ್ಫೋಟಿಸಿತು. ರೇಣುಕಾಂಬೆಯ ಜಾತ್ರೆಯ ಬೆತ್ತಲೆ ಸೇವೆಯನ್ನು ತಡೆಯಲು ದಲಿತ ಸಂಘಟನೆಯವರು, ಪ್ರಗತಿಪರರು ಮತ್ತು ಪೊಲೀಸರು ಹೋದಾಗ ಕೆರಳಿದ ಗುಂಪು ಅವರನ್ನು ಹೊಡೆದು, ಬಟ್ಟೆ ಕಿತ್ತು ಮೆರವಣಿಗೆ ಮಾಡಿತು. ಅನಂತಮೂರ್ತಿ ‘ಬೆತ್ತಲೆ ಪೂಜೆ ಯಾಕೆ ಕೂಡದು?’ ಎಂದು ಕೇಳಿದರು. ವಿಚಾರವಾದಿಯ ನಿಲುವಿಗೂ ಭಕ್ತರ ಅನುಭವಕ್ಕೂ ನಡುವೆ ಸಿಕ್ಕಿಬಿದ್ದ ಮನಸ್ಸಿನಿಂದ ಎದ್ದ ಪ್ರಶ್ನೆ ಅದು. ಅವರು ಅಲ್ಲಿ ತಂದ ಪ್ರಸಂಗವೊಂದರಲ್ಲಿ ಕುಂಕುಮ ಹಚ್ಚಿದ ಕಲ್ಲನ್ನು ಫೋಟೋಕ್ಕಾಗಿ ಬೆಳಕಿಗೆ ತಂದ ಕಲಾವಿದ ಮೈಲಿಗೆಯಾಯಿತೇನೋ ಎಂದು ಅಳುಕುತ್ತಾನೆ. ರೈತ ನಿರಾಳವಾಗಿ, ಬೇರೊಂದು ಕಲ್ಲು ತಂದು ಕುಂಕುಮ ಹಚ್ಚಿದರಾಯಿತು ಎನ್ನುತ್ತಾನೆ. ಕಲ್ಲು ದೇವರೋ ಅಲ್ಲವೋ ಎಂಬ ಪ್ರಶ್ನೆ ಆ ರೈತನದಲ್ಲ, ನೋಡುವವನದು. ವಿಜ್ಞಾನಗಳು ತಾವು ನಿಂತ ಬದುಕಿನ ಲೋಕವನ್ನೇ ಮರೆತಿವೆ ಎಂದು ಜರ್ಮನ್ ದಾರ್ಶನಿಕ ಹುಸರ್ಲ್ 1936ರಲ್ಲಿ ಎತ್ತಿದ ಆಕ್ಷೇಪಕ್ಕೆ ಇದು ಹತ್ತಿರ. ಆದರೆ ಯುರೋಪಿನ ದಾರ್ಶನಿಕ ತನ್ನ ನಾಗರಿಕತೆಯ ವಿಜ್ಞಾನದ ಬಗ್ಗೆ ಬರೆದ. ಇಲ್ಲಿನ ಲೇಖಕ ತನ್ನದೇ ಜಿಲ್ಲೆಯ, ಆದರೆ ತನ್ನ ವರ್ಗದವರಲ್ಲದ ಭಕ್ತರ ಬಗ್ಗೆ ಬರೆಯಬೇಕಾಯಿತು.

ಈ ವ್ಯತ್ಯಾಸದಿಂದಲೇ ಅತ್ಯಂತ ಗಂಭೀರವಾದ ಆಕ್ಷೇಪ ಹುಟ್ಟುತ್ತದೆ. ಬೆತ್ತಲೆ ಸೇವೆಗೆ ಹೋಗುತ್ತಿದ್ದವರಲ್ಲಿ ಹೆಚ್ಚಿನವರು ದಲಿತ ಮತ್ತು ಹಿಂದುಳಿದ ಜಾತಿಗಳ ಬಡವರು, ಅದರಲ್ಲೂ ಹೆಂಗಸರು; ಅದನ್ನು ವಿರೋಧಿಸಿದವರಲ್ಲಿ ಅದೇ ಸಮುದಾಯಗಳ ಚಳವಳಿಗಾರರಿದ್ದರು. ಹೀಗಿರುವಾಗ ವೈಚಾರಿಕತೆಯ ಅಧಿಕಾರವನ್ನು ಪ್ರಶ್ನಿಸುವುದು ಸಂಪ್ರದಾಯದ ಅಧಿಕಾರಕ್ಕೆ ಗುರಾಣಿಯಾಗುವುದಿಲ್ಲವೆ? ಇದು ಹೆಗ್ಗೋಡು ಸೀಮೆಯೊಂದರ ಸಂಕಟವಲ್ಲ. 1978ರಲ್ಲಿ ಇರಾನಿಗೆ ಹೋಗಿ ಅಲ್ಲಿಯ ಕ್ರಾಂತಿಯಲ್ಲಿ ರಾಜಕೀಯ ಆಧ್ಯಾತ್ಮಿಕತೆಯನ್ನು ಕಂಡ ಫೂಕೋಗೂ ಇದೇ ಟೀಕೆ ಎದುರಾಯಿತು. ಟೀಕಿಸಿದವರಲ್ಲಿ ಇರಾನಿನ ಹೆಣ್ಣುಮಕ್ಕಳೂ ಇದ್ದರು. ಆ ಆಕ್ಷೇಪದಲ್ಲಿ ತಿರುಳಿದೆ. ಅಧಿಕಾರದ ವಿಮರ್ಶೆ ಆಧುನಿಕರ ಕಡೆಗೆ ಮಾತ್ರ ಬೆರಳು ತೋರಿಸಿದರೆ ಅದು ಅರ್ಧ ವಿಮರ್ಶೆ. ಆದರೆ ಇದರಿಂದ ಪ್ರಶ್ನೆ ಬಿದ್ದುಹೋಗುವುದಿಲ್ಲ, ಇನ್ನಷ್ಟು ಹರಿತವಾಗುತ್ತದೆ: ಪದ್ಧತಿಯೊಂದು ನಿಲ್ಲಬೇಕೆಂದು ಹೇಳುವ ಹಕ್ಕು ಅದರ ನೋವನ್ನು ಉಂಡವರಿಗೆ ಮೊದಲು ಸೇರಿದ್ದು.

ಇಲ್ಲಿಂದ ಮುಂದೆ ದಾರಿ ತೋರಿಸಿದವರು ವಿಮರ್ಶಕ ಡಿ.ಆರ್. ನಾಗರಾಜ್ (1954–1998). ದೊಡ್ಡಬಳ್ಳಾಪುರದ ನೇಕಾರ ಕುಟುಂಬದಿಂದ ಬಂದ ಅವರು ಅಕ್ಷರ ಪ್ರಕಾಶನದ ‘ಅಕ್ಷರ ಚಿಂತನ’ ಮಾಲೆಯ ಸಂಪಾದಕರಾಗಿ ಹೆಗ್ಗೋಡನ್ನು ಕನ್ನಡ ತಾತ್ತ್ವಿಕ ಬರಹದ ಪ್ರಕಟಣೆಯ ಕೇಂದ್ರವಾಗಿಸಿದರು. 1993ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟವಾದ ‘ದಿ ಫ್ಲೇಮಿಂಗ್ ಫೀಟ್’ ಕೃತಿಯಲ್ಲಿ ಅವರು ಗಾಂಧಿಯ ಆತ್ಮಶುದ್ಧಿಯನ್ನೂ ಅಂಬೇಡ್ಕರರ ಆತ್ಮಗೌರವವನ್ನೂ ಎದುರುಬದುರು ನಿಲ್ಲಿಸಿ, ಇಬ್ಬರೂ ಪರಸ್ಪರರನ್ನು ಬದಲಿಸಿದರೆಂದು ತೋರಿಸಿದರು. ಜಗನ್ನಾಥನದು ಆತ್ಮಶುದ್ಧಿಯ ದಾರಿ. ಸಾಲಿಗ್ರಾಮದ ಮುಂದೆ ನಡುಗಿದವರಿಗೆ ಬೇಕಾದದ್ದು ಆತ್ಮಗೌರವದ ದಾರಿ ಎಂದು ‘ಭಾರತೀಪುರ’ದ ಕಗ್ಗಂಟನ್ನು ಈ ವಿಶ್ಲೇಷಣೆಯ ಬೆಳಕಿನಲ್ಲಿ ಬಿಡಿಸಬಹುದು. ಜೊತೆಗೆ ಅವರು ಅಲ್ಲಮನ ಅಧ್ಯಯನಕ್ಕೆ ಇಳಿದರು; ‘ಅಲ್ಲಮಪ್ರಭು ಮತ್ತು ಶೈವ ಪ್ರತಿಭೆ’ ಅವರು ತೀರಿಕೊಂಡ ನಂತರ, 1999ರಲ್ಲಿ ಬಂತು. ಆತ್ಮ ಮತ್ತು ಸತ್ಯದ ಬಗ್ಗೆ ಚಿಂತಿಸಲು ಯುರೋಪಿನ ಪರಿಭಾಷೆಯೊಂದೇ ಸಾಲದು, ಕನ್ನಡದೊಳಗೇ ಅಷ್ಟೇ ಕಠಿಣವಾದ ತಾತ್ತ್ವಿಕ ಪರಂಪರೆಯಿದೆ ಎಂಬುದು ಆ ಶ್ರಮದ ಹಿಂದಿನ ನಿಲುವು.

ಮೂರನೆಯ ಘಟ್ಟದಲ್ಲಿ ರಿಲಿಜನ್ ಎಂಬ ಪರಿಕಲ್ಪನೆಯೇ ಕಟಕಟೆಗೆ ಬಂತು. ಬೆಲ್ಜಿಯಮ್ಮಿನ ಗೆಂಟ್ ವಿಶ್ವವಿದ್ಯಾಲಯದಲ್ಲಿದ್ದ ಎಸ್.ಎನ್. ಬಾಲಗಂಗಾಧರ ಅವರ 1994ರ ಗ್ರಂಥವನ್ನು ಕುವೆಂಪು ವಿಶ್ವವಿದ್ಯಾಲಯದ ರಾಜಾರಾಮ ಹೆಗಡೆ ‘ಸ್ಮೃತಿ-ವಿಸ್ಮೃತಿ: ಭಾರತೀಯ ಸಂಸ್ಕೃತಿ’ ಎಂದು ಕನ್ನಡಕ್ಕೆ ತಂದರು, ಅಕ್ಷರ ಪ್ರಕಾಶನ 2010ರಲ್ಲಿ ಪ್ರಕಟಿಸಿತು. ಯುರೋಪಿನ ಸೆಕ್ಯುಲರ್ ಸಮಾಜವಿಜ್ಞಾನವೂ ಕ್ರೈಸ್ತ ದೇವತಾಶಾಸ್ತ್ರದ ಗ್ರಹಿಕೆಗಳನ್ನೇ ಹೊತ್ತು ಬಂದಿದೆ, ಜಗತ್ತಿನ ಎಲ್ಲೆಡೆ ರಿಲಿಜನ್ ಇದೆಯೆಂಬ ನಂಬಿಕೆ ಅದರ ಫಲ, ಆಚರಣೆಯನ್ನೇ ನೆಲೆಯಾಗಿಸಿಕೊಂಡ ಇಲ್ಲಿನ ಸಂಪ್ರದಾಯಗಳಿಗೆ ಸತ್ಯ–ಸುಳ್ಳಿನ ಅಳತೆ ಹೊಂದುವುದಿಲ್ಲ ಎಂಬುದು ಅದರ ವಾದ. ಕುಂಕುಮದ ಕಲ್ಲಿನ ರೈತನ ನಿಲುವಿಗೆ ಇದು ಸಿದ್ಧಾಂತದ ಬೆಂಬಲ ಕೊಟ್ಟಂತೆ ಕಾಣುತ್ತದೆ. ಆದರೆ ಪೂಜೆಗೆ ಸತ್ಯದ ಅಳತೆ ಹೊಂದದಿದ್ದರೂ ಅನ್ಯಾಯದ ಅಳತೆ ಹೊಂದುತ್ತದೆ. ಕಾಗೋಡಿನ ಕೊಳಗ ಒಂದು ಸಿದ್ಧಾಂತವಾಗಿರಲಿಲ್ಲ, ರೂಢಿಯಾಗಿತ್ತು. ರೂಢಿಯಾಗಿದ್ದೂ ಅದು ಮೋಸವಾಗಿತ್ತು. ಜಾತಿಯ ಪ್ರಶ್ನೆಯಲ್ಲಿ ಈ ವಾದಕ್ಕೆ ಬಂದ ವಿರೋಧದ ಬಲ ಇರುವುದು ಇಲ್ಲಿ.

ಇದೆಲ್ಲ ಇಂಗ್ಲಿಷ್ ಬಲ್ಲ ಕೆಲವೇ ಮೇಲ್ಜಾತಿ ಓದುಗರ ಚರ್ಚೆಯಾಗಿತ್ತು ಎಂಬ ಆಕ್ಷೇಪ ಉಳಿಯುತ್ತದೆ. ಬರೆದವರಲ್ಲಿ ಹಲವರ ಹಿನ್ನೆಲೆಯ ಮಟ್ಟಿಗೆ ಅದು ಸರಿ. ಆದರೆ ಚರ್ಚೆಯನ್ನು ಪ್ರತಿ ಘಟ್ಟದಲ್ಲೂ ಮುಂದಕ್ಕೆ ತಳ್ಳಿದವರು ಬೇರೆಯವರು: ಕೊಳಗವನ್ನು ಒಪ್ಪದ ಗೇಣಿದಾರರು, ಚಂದ್ರಗುತ್ತಿಯ ಭಕ್ತರು, ಅವರನ್ನು ತಡೆಯಲು ಹೋದ ದಲಿತ ಕಾರ್ಯಕರ್ತರು. ಲೇಖಕರು ಅವರಿಗೆ ಉತ್ತರ ಕೊಡಬೇಕಾಯಿತು. ಆದ್ದರಿಂದ ಕನ್ನಡದ ತಾತ್ತ್ವಿಕ ಚರಿತ್ರೆಯನ್ನು ಬರೆಯುವವರು ಯಾವ ಯುರೋಪಿಯನ್ ಗ್ರಂಥ ಯಾವಾಗ ಅನುವಾದವಾಯಿತು ಎಂಬ ಪಟ್ಟಿಯಿಂದ ಆರಂಭಿಸಬಾರದು. ಯಾವ ಊರಿನ ಯಾವ ಜಗಳ ಆ ಗ್ರಂಥವನ್ನು ಅಗತ್ಯವಾಗಿಸಿತು ಎಂಬುದರಿಂದ ಆರಂಭಿಸಬೇಕು. ಹಾಗೆ ನೋಡಿದಾಗ ಹೆಗ್ಗೋಡು ಪರಿಸರದ ಸಾಧನೆ ಯುರೋಪನ್ನು ಕನ್ನಡಕ್ಕೆ ಪರಿಚಯಿಸಿದ್ದಷ್ಟೇ ಅಲ್ಲ. ಸತ್ಯ ಹೇಳುವವನ ಅಧಿಕಾರವನ್ನೂ ಸಂಪ್ರದಾಯ ಕಾಯುವವನ ಅಧಿಕಾರವನ್ನೂ ಒಂದೇ ವಿಚಾರಣೆಗೆ ಒಳಪಡಿಸಿದ್ದು. ಆ ವಿಚಾರಣೆಯನ್ನು ಎರಡೂ ಕಡೆಗೆ ಸಮನಾಗಿ ನಡೆಸುವ ಹೊಣೆ ಈಗ ಬರೆಯುತ್ತಿರುವವರ ಮೇಲಿದೆ.