ರಾಜಪ್ರತಿನಿಧಿಯ ಇಬ್ಬರು ಹೆಣ್ಣುಮಕ್ಕಳು: ಕುಜೊ ಕನೆಜಾನೆಯ ಮನೆತನ, ದಿನಚರಿ ಮತ್ತು ಐತಿಹ್ಯ

ಜಪಾನಿನ ಆಸ್ಥಾನಿಕರು ದಿನಚರಿ ಬರೆಯುವುದನ್ನು ಕರ್ತವ್ಯವೆಂದೇ ಭಾವಿಸಿದ್ದರು. ಯಾವ ಉತ್ಸವದಲ್ಲಿ ಯಾರು ಎಲ್ಲಿ ನಿಂತರು, ಯಾವ ಉಡುಪು ಧರಿಸಿದರು, ಯಾವ ಪೂರ್ವನಿದರ್ಶನವನ್ನು ಅನುಸರಿಸಲಾಯಿತು ಎಂಬ ವಿವರಗಳು ಮುಂದಿನ ಪೀಳಿಗೆಗೆ ಆಸ್ತಿಯಷ್ಟೇ ಬೆಲೆಯುಳ್ಳವಾಗಿದ್ದವು. ಇಂತಹ ದಿನಚರಿಗಳ ಪೈಕಿ ಕುಜೊ ಕನೆಜಾನೆಯ (1149-1207) ‘ಗ್ಯೊಕುಯೋ’ ಬಹು ಮುಖ್ಯವಾದುದು. 1164ರಿಂದ 1200ರವರೆಗಿನ ಕಾಲವನ್ನು ಒಳಗೊಂಡಿರುವ ಈ ಗ್ರಂಥ ತೈರಾ ಮನೆತನದ ಏಳುಬೀಳು, 1180ರಲ್ಲಿ ನಾರಾ ನಗರದ ತೋದಾಯ್‌ಜಿ ವಿಹಾರ ಸುಟ್ಟುಹೋದದ್ದು, ಮಿನಮೊತೊ ಯೊರಿತೊಮೊ ಪೂರ್ವದಲ್ಲಿ ಯೋಧಾಡಳಿತವನ್ನು ಕಟ್ಟಿದ್ದು ಇವೆಲ್ಲಕ್ಕೂ ಸಮಕಾಲೀನ ಸಾಕ್ಷ್ಯವಾಗಿದೆ. ಆದರೆ ಈತನ ಕುಟುಂಬವನ್ನು ಕುರಿತು ಜನ ನೆನಪಿಟ್ಟುಕೊಂಡ ಒಂದು ಸಂಗತಿ ಆ ದಿನಚರಿಯಲ್ಲಿ ಇಲ್ಲ. ಪ್ರಸ್ತುತ ಲೇಖನದ ಆಸಕ್ತಿ ಇರುವುದು ಆ ಇಲ್ಲದ ಸಂಗತಿಯಲ್ಲಿ.

ಮೊದಲು ಮನೆತನದ ಮಾತು. ಫುಜಿವಾರ ವಂಶದವರು ಆಸ್ಥಾನದಲ್ಲಿ ಅಧಿಕಾರ ನಡೆಸಿದ ಬಗೆ ಪ್ರಸಿದ್ಧವಾಗಿದೆ. ಮಗಳನ್ನು ಚಕ್ರವರ್ತಿಗೆ ಕೊಡುವುದು. ಅವಳಲ್ಲಿ ಹುಟ್ಟಿದ ಮಗನನ್ನು ಎಳೆಯ ಪ್ರಾಯದಲ್ಲೇ ಸಿಂಹಾಸನಕ್ಕೇರಿಸುವುದು. ತಾನು ತಾಯಿಯ ತಂದೆಯೆಂಬ ಹಕ್ಕಿನಿಂದ ಆಳುವುದು. ಚಕ್ರವರ್ತಿ ಬಾಲಕನಾಗಿದ್ದಾಗ ಈ ಪದವಿಗೆ ‘ಸೆಶ್ಶೋ’ ಎಂದೂ ಪ್ರಾಪ್ತವಯಸ್ಕನಾದ ಮೇಲೆ ‘ಕಂಪಾಕು’ ಎಂದೂ ಹೆಸರು. 1018ರಲ್ಲಿ ಫುಜಿವಾರ ಮಿಚಿನಾಗನ ಮೂವರು ಹೆಣ್ಣುಮಕ್ಕಳು ಏಕಕಾಲದಲ್ಲಿ ಸಾಮ್ರಾಜ್ಞಿ ಪದವಿಗಳಲ್ಲಿದ್ದುದು ಈ ವ್ಯವಸ್ಥೆಯ ಶಿಖರ. ಕನೆಜಾನೆಯ ಕಾಲಕ್ಕೆ ನಿವೃತ್ತ ಚಕ್ರವರ್ತಿಗಳೇ ಆಡಳಿತದ ಸೂತ್ರ ಹಿಡಿದಿದ್ದರಿಂದ ರಾಜಪ್ರತಿನಿಧಿ ಪದವಿಯ ತೇಜಸ್ಸು ಕುಂದಿತ್ತು; ಹಂಬಲ ಮಾತ್ರ ಕುಂದಿರಲಿಲ್ಲ.

ಕನೆಜಾನೆಯ ತಂದೆ ತದಮಿಚಿಯೂ ರಾಜಪ್ರತಿನಿಧಿಯಾಗಿದ್ದವನು. ಅವನ ಮಕ್ಕಳಲ್ಲಿ ಮೊತೊಜಾನೆಯಿಂದ ಕೊನೊಎ ಮನೆತನ, ಮೊತೊಫುಸನಿಂದ ಮತ್ಸುದೊನೊ ಮನೆತನ, ಕನೆಜಾನೆಯಿಂದ ಕುಜೊ ಮನೆತನ ಕವಲೊಡೆದವು. ತಮ್ಮ ಜಿಯೆನ್ ಸನ್ಯಾಸಿಯಾಗಿ ತೆಂದಾಯ್ ಪಂಥದ ಪ್ರಧಾನಾಚಾರ್ಯ ಪೀಠವನ್ನು ನಾಲ್ಕು ಬಾರಿ ಅಲಂಕರಿಸಿದನು; ‘ಗುಕನ್‌ಶೋ’ ಎಂಬ ಚರಿತ್ರೆಯ ಕರ್ತೃ ಈತನೇ. ಕನೆಜಾನೆ 1166ರಲ್ಲಿಯೇ ಬಲಮಂತ್ರಿಯಾದರೂ ಮುಂದಿನ ಮೆಟ್ಟಿಲಿಗಾಗಿ ಇಪ್ಪತ್ತು ವರ್ಷ ಕಾಯಬೇಕಾಯಿತು. 1186ರಲ್ಲಿ ಅವನು ಸೆಶ್ಶೋ ಆದದ್ದು ಯೊರಿತೊಮೊನ ಬೆಂಬಲದಿಂದ. ಎರಡೇ ವರ್ಷದಲ್ಲಿ, 1188ರಲ್ಲಿ, ಮನೆಯ ಹಿರಿಮಗ ಯೊಶಿಮಿಚಿ ಇಪ್ಪತ್ತೆರಡರ ಹರೆಯದಲ್ಲಿ ಹಠಾತ್ತನೆ ತೀರಿಕೊಂಡನು. ಅಲ್ಲಿಂದ ಮುಂದೆ ತಂದೆಯ ನಿರೀಕ್ಷೆಯೆಲ್ಲ ಎರಡನೆಯ ಮಗ ಯೊಶಿತ್ಸುನೆ ಮತ್ತು ಮಗಳು ನಿನ್‌ಶಿ ಇವರ ಮೇಲೆ ನಿಂತಿತು.

ನಿನ್‌ಶಿ ಹುಟ್ಟಿದ್ದು 1173ರಲ್ಲಿ. 1190ರಲ್ಲಿ ಅವಳು ಬಾಲ ಚಕ್ರವರ್ತಿ ಗೊತೊಬನ ಅಂತಃಪುರವನ್ನು ಪ್ರವೇಶಿಸಿ ಪಟ್ಟದರಸಿಯಾದಳು. ಮುಂದಿನ ವರ್ಷ ಕನೆಜಾನೆ ಕಂಪಾಕು ಆದನು. 1195ರಲ್ಲಿ ಅವಳು ಗರ್ಭಿಣಿಯಾದಾಗ ಆ ಮನೆ ಗಂಡುಮಗುವಿನ ಹೊರತು ಬೇರೇನನ್ನೂ ಬಯಸಿರಲಿಲ್ಲ. ಹುಟ್ಟಿದ್ದು ಹೆಣ್ಣು. ಕೆಲವೇ ತಿಂಗಳಲ್ಲಿ ರಾಜಕೀಯ ಪ್ರತಿಸ್ಪರ್ಧಿ ಮಿನಮೊತೊ ಮಿಚಿಚಿಕನ ಸಾಕುಮಗಳು ಅದೇ ಚಕ್ರವರ್ತಿಗೆ ಗಂಡುಮಗುವನ್ನು ಹೆತ್ತಳು. ಅತ್ತ ಯೊರಿತೊಮೊ ತನ್ನ ಮಗಳನ್ನೇ ಅಂತಃಪುರಕ್ಕೆ ಕಳಿಸುವ ಆಲೋಚನೆಯಲ್ಲಿದ್ದನು. ಹೀಗಾಗಿ ಹಳೆಯ ಮೈತ್ರಿಯೂ ಒದಗಲಿಲ್ಲ. 1196ರಲ್ಲಿ ನಿನ್‌ಶಿ ಅರಮನೆಯಿಂದ ಹೊರಬಿದ್ದಳು, ಕನೆಜಾನೆ ಪದಚ್ಯುತನಾದನು, ಜಿಯೆನ್ ಪೀಠ ತ್ಯಜಿಸಿದನು. ಪದವಿ ಮತ್ತೆ ಕೊನೊಎ ಮನೆತನಕ್ಕೆ ಹೋಯಿತು. ಒಂದು ಕೂಸಿನ ಲಿಂಗ ಇಡೀ ಮನೆತನದ ಗತಿಯನ್ನು ತಿರುಗಿಸಿತೆಂದರೆ ಅತಿಶಯೋಕ್ತಿಯಾದೀತು. ಮಿಚಿಚಿಕನ ಸಂಚು ಹೇಗೂ ಇತ್ತು. ಆದರೆ ಗಂಡು ಹುಟ್ಟಿದ್ದರೆ ಆ ಸಂಚು ಅಷ್ಟು ಸುಲಭವಾಗಿ ಫಲಿಸುತ್ತಿರಲಿಲ್ಲ.

ಈ ಪತನಕ್ಕೆ ಮೊದಲೇ ಕನೆಜಾನೆಗೆ ಹೋನೆನ್‌ನ ಸಂಪರ್ಕ ಒದಗಿತ್ತು. ಅಮಿತಾಭ ಬುದ್ಧನ ನಾಮಸ್ಮರಣೆಯೊಂದೇ ಮುಕ್ತಿಗೆ ಸಾಕೆಂದು ಸಾರಿದ ಈ ಸನ್ಯಾಸಿಯೊಡನೆ 1189ರಲ್ಲಿ ನಡೆದ ಮಾತುಕತೆ ದಿನಚರಿಯಲ್ಲಿ ದಾಖಲಾಗಿದೆ. ಹೋನೆನ್ 1198ರಲ್ಲಿ ತನ್ನ ಪ್ರಧಾನ ಗ್ರಂಥ ‘ಸೆಂಚಕುಶೂ’ವನ್ನು ಸಿದ್ಧಪಡಿಸಿದ್ದು ಕನೆಜಾನೆಯ ಕೋರಿಕೆಯ ಮೇರೆಗೆ. 1201ರಲ್ಲಿ ನಿನ್‌ಶಿ ಹೋನೆನ್‌ನಿಂದಲೇ ಸನ್ಯಾಸ ದೀಕ್ಷೆ ಪಡೆದಳು. ಪತ್ನಿ ತೀರಿಕೊಂಡ ಬೆನ್ನಲ್ಲೇ 1202ರಲ್ಲಿ ಕನೆಜಾನೆಯೂ ತಲೆ ಬೋಳಿಸಿಕೊಂಡು ಎನ್‌ಶೋ ಎಂಬ ಹೆಸರು ತಳೆದನು.

ಐತಿಹ್ಯ ಆರಂಭವಾಗುವುದು ಇಲ್ಲಿ. ಅದರ ಪ್ರಕಾರ ಕನೆಜಾನೆ ಒಂದು ದಿನ ಹೋನೆನ್‌ನ ಮುಂದೆ ಸಂದೇಹವೊಂದನ್ನು ಇಡುತ್ತಾನೆ: ಸನ್ಯಾಸಿಯ ಸ್ಮರಣೆಗೂ ಗೃಹಸ್ಥನ ಸ್ಮರಣೆಗೂ ಭೇದವಿಲ್ಲವೆಂಬುದು ನಿಜವಾದರೆ, ನಿಮ್ಮ ಶಿಷ್ಯರಲ್ಲೊಬ್ಬನು ನನ್ನ ಮಗಳ ಕೈಹಿಡಿದು ಅದನ್ನು ತೋರಿಸಲಿ. ಹೋನೆನ್ ಶಿನ್ರನ್‌ನನ್ನು (1173-1262) ಆರಿಸುತ್ತಾನೆ. ಶಿನ್ರನ್ ಕಣ್ಣೀರಿಟ್ಟು ಒಪ್ಪುತ್ತಾನೆ. ಮಗಳ ಹೆಸರು ತಮಹಿ. ಶಿನ್ರನ್ ಹೋನೆನ್‌ನ ಶಿಷ್ಯನಾದ 1201ನೆಯ ವರ್ಷವೇ ಈ ಮದುವೆಯ ಕಾಲವೆಂದು ಪರಂಪರೆ ಹೇಳುತ್ತದೆ.

ಕುಜೊ ಮನೆತನದ ವಂಶಾವಳಿಗಳಲ್ಲಿ ತಮಹಿ ಇಲ್ಲ. ಶಿನ್ರನ್‌ನ ಮರಿಮಗ ಕಕುನ್ಯೊ 1295ರಲ್ಲಿ ರಚಿಸಿದ ಜೀವನಚರಿತ್ರೆಯಲ್ಲಿಯೂ ಈ ಮದುವೆಯ ಪ್ರಸ್ತಾಪವಿಲ್ಲ. 1921ರಲ್ಲಿ ಕ್ಯೋತೊದ ನಿಶಿ ಹೊಂಗನ್‌ಜಿಯಲ್ಲಿ ಶಿನ್ರನ್‌ನ ಪತ್ನಿ ಎಶಿನ್ನಿಯ ಕೈಬರಹದ ಪತ್ರಗಳು ಬೆಳಕಿಗೆ ಬಂದ ಮೇಲೆ ಚರಿತ್ರಕಾರರ ಪಾಲಿಗೆ ಪ್ರಶ್ನೆ ಬಹುಮಟ್ಟಿಗೆ ಇತ್ಯರ್ಥವಾಯಿತು. ತಮಹಿ ಚಾರಿತ್ರಿಕ ವ್ಯಕ್ತಿಯಲ್ಲವೆಂಬ ನಿಲುವೇ ನನಗೂ ಸಮ್ಮತ. ಆದರೂ ದಿನಚರಿಯ ಮೌನವನ್ನು ಇದಕ್ಕೆ ಆಧಾರವಾಗಿ ಮುಂದಿಡುವ ರೂಢಿಯನ್ನು ಒಪ್ಪಲಾಗದು. ದಿನಚರಿ 1200ಕ್ಕೆ ನಿಂತಿದೆ. 1201ರ ಮದುವೆಯನ್ನು ಅದು ಹೇಳದಿರುವುದು ಏನನ್ನೂ ಸಾಧಿಸುವುದಿಲ್ಲ.

ಜಾನಪದ ದೃಷ್ಟಿಯಿಂದ ಕೇಳಬೇಕಾದ ಪ್ರಶ್ನೆ ಬೇರೆ. ಈ ಕಥೆಗೆ ಕನೆಜಾನೆಯೇ ಏಕೆ ಬೇಕಾಯಿತು? ಶಿನ್ರನ್‌ನ ಪಂಥದಲ್ಲಿ ಗುರುಪೀಠ ರಕ್ತಸಂಬಂಧದಲ್ಲಿ ಸಾಗಿತು. ವಿವಾಹಿತ ಸನ್ಯಾಸಿಯೆಂಬ ಆಕ್ಷೇಪಕ್ಕೆ ಅದು ಸಮಾಧಾನ ಹೇಳಬೇಕಿತ್ತು. ಕುಲೀನ ಮಾವ ಸಿಕ್ಕಿದರೆ ಪಂಥದ ಘನತೆ ಹೆಚ್ಚುತ್ತದೆಂಬ ವಿವರಣೆ ಸರಿಯಾದರೂ ಸಾಲದು. ಮಗಳನ್ನು ಕೊಟ್ಟು ಪರಂಪರೆಯನ್ನು ನೆಲೆಗೊಳಿಸುವುದು ಈ ಮನೆತನದ ಕುಲಧರ್ಮವೆಂದು ಕಥೆ ಕಟ್ಟಿದವರಿಗೆ ಗೊತ್ತಿತ್ತು. ಚಕ್ರವರ್ತಿಗೆ ಕೊಟ್ಟ ಮಗಳಿಂದ ಫಲಿಸದಿದ್ದುದನ್ನು ಸನ್ಯಾಸಿಗೆ ಕೊಟ್ಟ ಮಗಳಿಂದ ಅವರು ಫಲಿಸಿದರು. ಅದೇ 1201ರಲ್ಲಿ, ಅದೇ ಗುರುವಿನಿಂದ, ನಿಜವಾದ ಮಗಳು ಸಂಸಾರ ತೊರೆಯುತ್ತಾಳೆ. ಕಥೆಯ ಮಗಳು ಸಂಸಾರಕ್ಕೆ ಕಾಲಿಡುತ್ತಾಳೆ. ಇದು ಕೇವಲ ಕಾಕತಾಳೀಯವೂ ಇರಬಹುದು, ನನಗೆ ಹಾಗೆನ್ನಿಸುವುದಿಲ್ಲ.

ಹೆಸರೂ ವಿಚಾರಾರ್ಹ. ರೊಕ್ಕಕುದೋ ಗುಡಿಯಲ್ಲಿ ಶಿನ್ರನ್ ಕಂಡನೆನ್ನಲಾದ ಕನಸಿನಲ್ಲಿ ಅವಲೋಕಿತೇಶ್ವರನು ತಾನೇ ರತ್ನದಂತಹ ಸ್ತ್ರೀಯಾಗಿ ಬರುವೆನೆಂದು ಮಾತು ಕೊಡುತ್ತಾನೆ. ‘ತಮ’ ಎಂದರೂ ರತ್ನವೇ. ಎಶಿನ್ನಿಯ ಪತ್ರವೊಂದರಲ್ಲಿ ಇದರ ವಿಪರ್ಯಯವಿದೆ: ಅಲ್ಲಿ ಕನಸು ಕಾಣುವವಳು ಹೆಂಡತಿ, ಅವಲೋಕಿತೇಶ್ವರನಾಗಿ ಕಾಣಿಸುವವನು ಗಂಡ. ನಿಜವಾದ ಪತ್ನಿಯ ಈ ಕನಸು ಏಳು ಶತಮಾನ ಓಲೆಯಲ್ಲೇ ಉಳಿಯಿತು. ಇಲ್ಲದ ಪತ್ನಿಯ ಕಥೆ ಊರೂರು ತಿರುಗಿತು.

1207ರಲ್ಲಿ ಹೋನೆನ್ ಮತ್ತು ಶಿನ್ರನ್ ಇಬ್ಬರೂ ಗಡೀಪಾರಾದರು. ಅದಾದ ಸುಮಾರು ಎರಡು ತಿಂಗಳಿಗೆ ಕನೆಜಾನೆ ತೀರಿಕೊಂಡನು. ಯೊಶಿತ್ಸುನೆ ಹಿಂದಿನ ವರ್ಷವೇ ಹೋಗಿದ್ದನು; ಅವನ ಮಗ ಮಿಚಿಇಎ ಮನೆತನವನ್ನು ಎತ್ತಿ ನಿಲ್ಲಿಸಿದನು. ಕನೆಜಾನೆಯ ಪತನಕ್ಕೆ ಕಾರಣಳೆನಿಸಿದ ಮೊಮ್ಮಗಳು 1211ರಲ್ಲಿ, ಹದಿನೇಳನೆಯ ವಯಸ್ಸಿನಲ್ಲಿ ಮರಣ ಹೊಂದಿದಳು. ಕುಜೊ ಮನೆತನದ ಸದಾಕೊ ಎಂಬ ಹೆಣ್ಣುಮಗಳು 1900ರಲ್ಲಿ ಯುವರಾಜನ ಕೈಹಿಡಿದು, ಮುಂದೆ ಸಾಮ್ರಾಜ್ಞಿ ತೇಮೆ ಎನಿಸಿ, ಶೋವಾ ಚಕ್ರವರ್ತಿಯ ತಾಯಿಯಾದಳು. ತಮಹಿಯದೆನ್ನುವ ಸಮಾಧಿಯನ್ನು ಕ್ಯೋತೊದ ಫುಶಿಮಿಯಲ್ಲಿ ತೋರಿಸುತ್ತಾರೆ. ದೂರದ ಪೂರ್ವದಲ್ಲಿ, ಇಬರಾಕಿ ಪ್ರಾಂತದ ಯೂಕಿಯಲ್ಲಿ, ಇನ್ನೊಂದನ್ನು ತೋರಿಸುತ್ತಾರೆ.