ಆರು ಮಂದಿ ಸರಸ್ವತೀ ಭಂಡಾರಿಗಳು

ಚಿತ್ತಾಪುರದಿಂದ ನಾಗಾವಿಗೆ ಹೋಗುವವರಲ್ಲಿ ಹೆಚ್ಚಿನವರು ಯಲ್ಲಮ್ಮನ ಗುಡಿಗೆ ಹೋಗುವವರು. ಕಾಯಿ ಒಡೆಸಿ, ಬುತ್ತಿ ಬಿಚ್ಚಿ ಉಂಡು, ಸಂಜೆಗೆ ಮರಳುತ್ತಾರೆ. ಅದೇ ನಾಗಾವಿಯಲ್ಲಿ ಅರವತ್ತು ಕಂಬದ ಗುಡಿಯೊಂದಿದೆ. ಅಲ್ಲಿಯವರೆಗೆ ಕಾಲು ಹಾಕುವವರು ಕಡಿಮೆ. ಹಾಕಿದವರಿಗೂ ಇದು ಒಂದು ಕಾಲದಲ್ಲಿ ವಿದ್ಯಾರ್ಥಿಗಳಿಂದ ತುಂಬಿದ್ದ ಘಟಿಕಾಸ್ಥಾನದ ನೆಲವೆಂದು ಹೇಳುವವರಿಲ್ಲ.

ಕ್ರಿ.ಶ. 1058ರ ಶಾಸನವೊಂದು ಅದನ್ನು ಹೇಳುತ್ತದೆ. ಕಲ್ಯಾಣದ ಚಾಲುಕ್ಯ ದೊರೆ ತ್ರೈಲೋಕ್ಯಮಲ್ಲ ಸೋಮೇಶ್ವರನ ಕಾಲ. ಅವನ ಅಧಿಕಾರಿಯಾಗಿದ್ದ ಮಧುಸೂದನ ಎಂಬವನು ಇಲ್ಲಿ ಗುಡಿಯನ್ನೂ ಘಟಿಕೆಯನ್ನೂ ಕಟ್ಟಿಸಿದ. ವೇದ ಕಲಿಯುವ 200 ಮತ್ತು ಶಾಸ್ತ್ರ ಕಲಿಯುವ 52 ವಿದ್ಯಾರ್ಥಿಗಳಿಗೆ ವ್ಯವಸ್ಥೆ ಮಾಡಿದ, ಗುರುಗಳನ್ನು ನೇಮಿಸಿದ. ಇಷ್ಟೇ ಆಗಿದ್ದರೆ ಇದೂ ನಾಡಿನ ಇತರ ಅಗ್ರಹಾರ, ಘಟಿಕೆಗಳ ಸಾಲಿಗೆ ಸೇರಿಹೋಗುತ್ತಿತ್ತು. ಆದರೆ ಶಾಸನದ ಪಟ್ಟಿಯಲ್ಲಿ ಗುರುಗಳ ಜೊತೆಗೆ ಇನ್ನೂ ಆರು ಮಂದಿ ಇದ್ದಾರೆ. ಅವರು ಸರಸ್ವತೀ ಭಂಡಾರಿಗಳು. ಅಂದರೆ ಪುಸ್ತಕ ಕಾಯುವವರು. ಇಂದಿನ ಮಾತಿನಲ್ಲಿ ಗ್ರಂಥಪಾಲಕರು.

252 ವಿದ್ಯಾರ್ಥಿಗಳಿಗೆ ಆರು ಗ್ರಂಥಪಾಲಕರು! ಲೆಕ್ಕ ಹಾಕಿದರೆ 42 ಮಂದಿಗೆ ಒಬ್ಬರು. ಓಲೆಗರಿಗಳ ಕಾಲದಲ್ಲಿ ಈ ಕೆಲಸ ಹಗುರವಾದುದಲ್ಲ. ಗರಿಗೆ ಹುಳ ಹತ್ತುತ್ತದೆ, ತೇವ ತಾಗಿದರೆ ಬೂಸು ಬರುತ್ತದೆ, ಒಣಗಿದರೆ ಮುರಿಯುತ್ತದೆ. ಎಣ್ಣೆ ಸವರಬೇಕು, ದಾರ ಬದಲಿಸಬೇಕು, ಹಳತಾದದ್ದನ್ನು ಹೊಸ ಗರಿಗೆ ಪ್ರತಿ ಮಾಡಬೇಕು. ಪ್ರತಿ ಮಾಡುವವನಿಲ್ಲದ ಪುಸ್ತಕ ಕಾಲಾಂತರದಲ್ಲಿ ಮಣ್ಣಾಗುತ್ತದೆ.

ಇದಕ್ಕೆ ಪುರಾವೆ ಬೇಕಾದರೆ ಅದೂ ಇದೇ ಸೀಮೆಯಲ್ಲಿದೆ. ಸೇಡಂ ತಾಲೂಕಿನ ಮಳಖೇಡ ರಾಷ್ಟ್ರಕೂಟರ ರಾಜಧಾನಿ. 9ನೇ ಶತಮಾನದಲ್ಲಿ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ಕವಿರಾಜಮಾರ್ಗವು ತನಗಿಂತ ಹಿಂದಿನ ವಿಮಲ, ಉದಯ, ನಾಗಾರ್ಜುನ, ಜಯಬಂಧು, ದುರ್ವಿನೀತ ಮೊದಲಾದ ಕನ್ನಡ ಲೇಖಕರನ್ನು ಹೆಸರಿಸುತ್ತದೆ. ಅವರ ಒಂದು ಕನ್ನಡ ಕೃತಿಯೂ ನಮ್ಮ ಕೈಗೆ ಬಂದಿಲ್ಲ. ಹೆಸರು ಉಳಿಯಿತು, ಪುಸ್ತಕ ಹೋಯಿತು. ಕವಿರಾಜಮಾರ್ಗವಾದರೂ ಉಳಿದದ್ದು ಯಾರೋ ಹೆಸರಿಲ್ಲದ ಲಿಪಿಕಾರರು ಅದನ್ನು ಮತ್ತೆ ಮತ್ತೆ ಗರಿಗೆ ಇಳಿಸಿದ್ದರಿಂದ. ಅಂತಹ ಪ್ರತಿಗಳನ್ನು ಆಧರಿಸಿಯೇ ಕೆ.ಬಿ. ಪಾಠಕರು 1898ರಲ್ಲಿ ಅದನ್ನು ಅಚ್ಚಿಗೆ ತಂದರು.

ನಾಗಾವಿಯ ಶಾಸನಗಳು ಓದುಗರಿಗೆ ತಲುಪಿದ ಬಗೆಯೂ ಸ್ವಾರಸ್ಯಕರವಾಗಿದೆ. ಅವು ಪ್ರಕಟವಾದದ್ದು ನಿಜಾಮ್ ಸರಕಾರದ ಹೈದರಾಬಾದ್ ಪುರಾತತ್ವ ಮಾಲೆಯಲ್ಲಿ. 1914ರಲ್ಲಿ ಆರಂಭವಾದ ಆ ಇಲಾಖೆಯನ್ನು ಕಟ್ಟಿ ಬೆಳೆಸಿದವರು ಗುಲಾಮ್ ಯಜ್ದಾನಿ. ಅರಬ್ಬಿ, ಪಾರಸಿ ಶಾಸನಗಳಲ್ಲಿ ಪಳಗಿದ್ದ ಈ ವಿದ್ವಾಂಸರ ಇಲಾಖೆಯೇ ಕನ್ನಡ ಕಲ್ಲುಗಳನ್ನೂ ಓದಿಸಿತು. ಸರಸ್ವತೀ ಭಂಡಾರಿಗಳ ಸುದ್ದಿ ನಮಗೆ ತಲುಪಿದ ದಾರಿಯಲ್ಲಿ ಒಬ್ಬ ಯಜ್ದಾನಿಯೂ ನಿಂತಿದ್ದಾರೆ ಎಂಬುದನ್ನು ಚರಿತ್ರೆಯನ್ನು ಎರಡು ಪಾಲು ಮಾಡಿ ಹಂಚುವವರು ನೆನಪಿಡುವುದು ಒಳ್ಳೆಯದು.

ಹಾಗೆಂದು ಆ ಕಾಲದ ಆಡಳಿತಕ್ಕೆ ನಾವು ಬಣ್ಣ ಹಚ್ಚಬೇಕಾಗಿಲ್ಲ. ಆಡಳಿತ ಭಾಷೆ ಉರ್ದು. 1918ರಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನೆಯೂ ಉರ್ದುವಿನಲ್ಲೇ. ಸೇಡಂ, ಚಿಂಚೋಳಿಗಳ ಹಳ್ಳಿಯ ಮಗುವಿಗೆ, ಅದು ಯಾವ ಧರ್ಮದ್ದೇ ಆಗಿರಲಿ, ವಿದ್ಯೆಯ ಬಾಗಿಲು ದೂರವೇ ಇತ್ತು. ಹೈದರಾಬಾದಿನಲ್ಲಿ 1891ರಿಂದಲೇ ಆಸಫಿಯಾ ಕುತುಬ್‌ಖಾನೆ ಇತ್ತು. ವಾಡಿಯಿಂದ ಚಿತ್ತಾಪುರ, ಸೇಡಂ ಹಾದು ಸಿಕಂದರಾಬಾದಿಗೆ ಹೋಗುವ ರೈಲು 1874ರಲ್ಲೇ ಓಡಿತ್ತು. ಆ ಹಳಿಯ ಮೇಲೆ ಶಹಾಬಾದಿನ ಪರಸಿ ಕಲ್ಲು ಹೋಗಿ ದೂರದ ಊರುಗಳ ಮನೆಗಳಿಗೆ ನೆಲವಾಯಿತು. ಅಷ್ಟೇ ಸಲೀಸಾಗಿ ಪುಸ್ತಕ ಈ ಕಡೆ ಬರಲಿಲ್ಲ.

ಇನ್ನೊಂದು ಮಾತನ್ನೂ ಮರೆಯಬಾರದು. ನಾಗಾವಿಯ ಘಟಿಕೆಯೂ ಎಲ್ಲರದ್ದಾಗಿರಲಿಲ್ಲ. ವೇದ ಕಲಿಯುವ ಹಕ್ಕು ಯಾರಿಗಿತ್ತು, ಯಾರಿಗಿರಲಿಲ್ಲ ಎಂಬುದು ಎಲ್ಲರಿಗೂ ಗೊತ್ತಿರುವ ವಿಷಯ. ಚಿಂಚೋಳಿಗೆ ದೂರವಲ್ಲದ ಬೀದರಿನಲ್ಲಿ ಬಹಮನಿ ವಜೀರ ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ ಮದರಸಾದಲ್ಲಿ ಸುಮಾರು 3,000 ಹಸ್ತಪ್ರತಿಗಳಿದ್ದವೆಂದು ಹೇಳುತ್ತಾರೆ. ಅಲ್ಲಿಯೂ ಉಳುವವನ ಮಗ ಎಷ್ಟು ಮಂದಿ ಓದಿದ್ದಾರು? ಜಾತಿ, ಮತ, ಗಂಡು, ಹೆಣ್ಣು ಕೇಳದೆ ಯಾರು ಬೇಕಾದರೂ ಒಳಗೆ ಬರಬಹುದಾದ ಗ್ರಂಥಾಲಯವೆಂಬುದು ನಮ್ಮ ಕಾಲದ ಗಳಿಕೆ.

ಆ ಗಳಿಕೆಗೆ ಕಾನೂನಿನ ಆಸರೆ ಈ ಭಾಗಕ್ಕೆ ಸ್ವಲ್ಪ ಬೇಗನೆ ಸಿಕ್ಕಿತು. ಹೈದರಾಬಾದ್ ರಾಜ್ಯವು 1955ರಲ್ಲೇ ಸಾರ್ವಜನಿಕ ಗ್ರಂಥಾಲಯ ಕಾಯಿದೆ ಮಾಡಿತು. ಮರುವರ್ಷ ಗುಲ್ಬರ್ಗ, ಬೀದರ್, ರಾಯಚೂರು ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದಾಗ ಹಳೆಯ ಮೈಸೂರಿಗೇ ಅಂತಹ ಕಾಯಿದೆ ಇರಲಿಲ್ಲ! ಇಡೀ ರಾಜ್ಯಕ್ಕೆ ಒಂದೇ ಕಾಯಿದೆ ಬಂದದ್ದು 1965ರಲ್ಲಿ. ಬೆಂಗಳೂರಿನಲ್ಲಿ ನೆಲೆಸಿದ್ದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್.ಆರ್. ರಂಗನಾಥನ್ ಅವರ ಚಿಂತನೆ ಅದರ ಹಿಂದಿತ್ತು. ಕಟ್ಟಡ ತೆರಿಗೆಯೊಂದಿಗೆ ಗ್ರಂಥಾಲಯ ಕರವನ್ನೂ ವಸೂಲು ಮಾಡುವ ಪದ್ಧತಿ ಬಂತು. ಅಂದರೆ ಮನೆತೆರಿಗೆ ಕಟ್ಟುವ ನಾವೆಲ್ಲ ಗ್ರಂಥಾಲಯದ ಪಾಲುದಾರರು. ಆದರೆ ಸ್ಥಳೀಯ ಸಂಸ್ಥೆಗಳು ವಸೂಲಾದ ಕರವನ್ನು ಗ್ರಂಥಾಲಯಕ್ಕೆ ದಾಟಿಸುವುದಿಲ್ಲವೆಂಬುದು ರಾಜ್ಯದ ಉದ್ದಗಲಕ್ಕೂ ಕೇಳಿಬರುವ ಹಳೆಯ ದೂರು.

2019ರಲ್ಲಿ ಗ್ರಾಮ ಪಂಚಾಯತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಇಲಾಖೆಯ ಕೈಗೆ ಬಂದವು. ಆಗ ರಾಜ್ಯದಲ್ಲಿ ಅವು ಸುಮಾರು 5,600 ಇದ್ದವು. ಕೊರೋನಾದಿಂದ ಶಾಲೆ ಮುಚ್ಚಿದ್ದ 2020ರಲ್ಲಿ 'ಓದುವ ಬೆಳಕು' ಎಂಬ ಕಾರ್ಯಕ್ರಮ ಶುರುವಾಗಿ ಮಕ್ಕಳಿಗೆ ಉಚಿತ ಸದಸ್ಯತ್ವ ಸಿಕ್ಕಿತು. ಈಗ ಇವಕ್ಕೆ 'ಅರಿವು ಕೇಂದ್ರ' ಎಂಬ ಹೆಸರು. ಗೋಡೆಗೆ ಚಿತ್ರ ಬಂದಿದೆ, ಹಲವು ಕಡೆ ಕಂಪ್ಯೂಟರ್ ಬಂದಿದೆ. ಇದು ಸಣ್ಣ ಸಾಧನೆಯಲ್ಲ. ಮೆಚ್ಚಬೇಕಾದದ್ದನ್ನು ಮೆಚ್ಚಬೇಕು.

ಆದರೆ ಭಂಡಾರಿ ಎಲ್ಲಿ? ಪಂಚಾಯತಿಗೆ ಒಬ್ಬ ಮೇಲ್ವಿಚಾರಕ. ಅದೂ ಬಹುಕಾಲ ಅರೆಕಾಲಿಕ, ಗೌರವಧನದ ಕೆಲಸ. ಕನಿಷ್ಠ ವೇತನಕ್ಕಾಗಿ ಇವರು ಮತ್ತೆ ಮತ್ತೆ ಧರಣಿ ಕೂರಬೇಕಾಯಿತು. ಮುಚ್ಚಿದ ಬಾಗಿಲಿನ ಘಟಿಕೆಗೆ ಆರು ಮಂದಿ ಇದ್ದರು. ಬಾಗಿಲು ಎಲ್ಲರಿಗೂ ತೆರೆದ ಮೇಲೆ ಕಾಯುವವನು ಒಬ್ಬನೇ ಉಳಿದ.

ಈ ಸೀಮೆಯ ಭಂಡಾರಿಗೆ ಕೆಲಸವೂ ಹೆಚ್ಚು. ತೆಲಂಗಾಣದ ಗಡಿಗೆ ಅಂಟಿಕೊಂಡಿರುವ ಸೇಡಂ, ಚಿಂಚೋಳಿಗಳಲ್ಲಿ ಕನ್ನಡ, ಉರ್ದು, ತೆಲುಗು ಮೂರನ್ನೂ ಆಡುವವರು ಒಂದೇ ಓಣಿಯಲ್ಲಿದ್ದಾರೆ. ತಾಂಡಾಗಳ ಮಕ್ಕಳ ಮನೆಮಾತು ಲಂಬಾಣಿ. ವಾಡಿ, ಶಹಾಬಾದಿನ ಸಿಮೆಂಟ್ ಮತ್ತು ಕಲ್ಲಿನ ದುಡಿಮೆ ಹತ್ತು ಕಡೆಯ ಜನರನ್ನು ತಂದು ಕೂಡಿಸಿದೆ. ಯಾರಿಗೆ ಯಾವ ಪುಸ್ತಕ ಎಂದು ತಿಳಿದು ಎತ್ತಿಕೊಡಲು ಮನುಷ್ಯನೇ ಬೇಕು. ಕಂಪ್ಯೂಟರಿನಿಂದ ಆಗುವ ಕೆಲಸವಲ್ಲ ಅದು. ಉರ್ದು ಶಾಲೆಯ ಹುಡುಗಿಗೆ ಮೊದಲ ಕನ್ನಡ ಕತೆ ಪುಸ್ತಕವನ್ನೂ, ಕನ್ನಡ ಶಾಲೆಯ ಹುಡುಗನಿಗೆ ಕನ್ನಡದಲ್ಲಿ ಬಂದಿರುವ ಪ್ರೇಮಚಂದರನ್ನೂ ಕೊಡಬಲ್ಲವನು ಅವನು. ನಮ್ಮ ಸಮುದಾಯದ ಹಿರಿಯರೂ ಇತ್ತ ಗಮನ ಕೊಡಬೇಕು. ಮಕ್ಕಳಿಗೆ ಗ್ರಂಥಾಲಯದ ಸದಸ್ಯತ್ವ ಮಾಡಿಸಿದ್ದೇವೆಯೇ? ಉರ್ದು ಪತ್ರಿಕೆ ಬರಲಿ ಎಂದು ಪಂಚಾಯತಿಗೆ ಒಂದು ಅರ್ಜಿಯನ್ನಾದರೂ ಕೊಟ್ಟಿದ್ದೇವೆಯೇ?

ಈ ಭಾಗದ ಒಂದು ಊರಿನ ಗ್ರಂಥಾಲಯಕ್ಕೆ ನಾವು ಹೋದಾಗ ಮಧ್ಯಾಹ್ನ. ಪರಸಿ ಹಾಸಿದ ನೆಲ ತಂಪಾಗಿತ್ತು. ಪೊಲೀಸ್ ಪರೀಕ್ಷೆಗೆ ಓದುವ ನಾಲ್ಕು ಹುಡುಗರು ತಾವೇ ತಂದ ಪುಸ್ತಕ ಹಿಡಿದು ಕೂತಿದ್ದರು. ಕಪಾಟಿಗೆ ಬೀಗ. ಮೇಲ್ವಿಚಾರಕರನ್ನು ಪಂಚಾಯತಿಯವರು ಯಾವುದೋ ಸಮೀಕ್ಷೆಗೆ ಕಳಿಸಿದ್ದರು. ಎಂಟು ಹತ್ತು ವರ್ಷದ ಹುಡುಗಿಯೊಬ್ಬಳು ಗಾಜಿಗೆ ಮೂಗು ಒತ್ತಿ ಒಳಗಿನ ಪುಸ್ತಕಗಳ ಹೆಸರನ್ನು ಒಂದೊಂದಾಗಿ ಗಟ್ಟಿಯಾಗಿ ಓದುತ್ತಿದ್ದಳು. "ಕೀಲಿ ಯಾವಾಗ ತೆಗೀತಾರವ್ವಾ?" ಎಂದು ಕೇಳಿದೆವು. "ಸರ್ ಬಂದ ಮ್ಯಾಲ" ಅಂದಳು, ತಿರುಗಿ ನೋಡದೆ.