ಕೆರೆ ಏರಿಯ ಮೇಲಿನ ಹೆಜ್ಜೆ ಗುರುತು ಚಿರತೆಯದೇ? ಚಳಿಗಾಲದ ಬೆಂಗಳೂರಿನಲ್ಲಿ ಕಾಡುಪ್ರಾಣಿಗಳ ಜಾಡು ಓದುವುದು ಹೇಗೆ

ಡಿಸೆಂಬರ್ ಬಂತೆಂದರೆ ನಮಗೆ ಒಂದೇ ಬಗೆಯ ಫೋಟೊಗಳು ಬರತೊಡಗುತ್ತವೆ. ಒದ್ದೆ ಮಣ್ಣಿನಲ್ಲಿ ಒಂದು ಹೆಜ್ಜೆ ಗುರುತು. ಅದರ ಕೆಳಗೆ "ನಮ್ಮ ಲೇಔಟ್‌ನಲ್ಲಿ ಚಿರತೆ ಓಡಾಡುತ್ತಿದೆ, ಮಕ್ಕಳನ್ನು ಹೊರಗೆ ಬಿಡಬೇಡಿ, ಎಲ್ಲಾ ಗ್ರೂಪ್‌ಗಳಿಗೂ ಕಳಿಸಿ" ಎಂಬ ಸಾಲು. ಕಳೆದ ಚಳಿಗಾಲದಲ್ಲಿ ಬೆಂಗಳೂರು ದಕ್ಷಿಣದ ಓದುಗರೊಬ್ಬರು ತಮ್ಮ ಅಪಾರ್ಟ್‌ಮೆಂಟ್ ಗ್ರೂಪ್‌ಗೆ ಬಂದ ಇಂಥದ್ದೇ ಫೋಟೊ ಕಳುಹಿಸಿ "ಇದು ನಿಜವೇ? ಬೆಳಿಗ್ಗೆ ವಾಕಿಂಗ್ ನಿಲ್ಲಿಸಬೇಕೇ?" ಎಂದು ಕೇಳಿದ್ದರು.

ಫೋಟೊ ದೊಡ್ಡದು ಮಾಡಿ ನೋಡಿದೆವು. ನಾಲ್ಕೂ ಬೆರಳುಗಳ ಮುಂದೆ ಚುಕ್ಕಿ ಇಟ್ಟಂತೆ ಉಗುರಿನ ಗುರುತು ಇತ್ತು. ಅದು ನಾಯಿಯ ಹೆಜ್ಜೆ.

ಹಾಗೆಂದು "ಬೆಂಗಳೂರಿನಲ್ಲಿ ಚಿರತೆಯೇ ಇಲ್ಲ, ಎಲ್ಲಾ ಸುಳ್ಳು" ಎಂದು ವಾಪಸ್ ಫಾರ್ವರ್ಡ್ ಮಾಡಿದರೆ ಅದೂ ತಪ್ಪು ಮಾಹಿತಿಯೇ. ಬನ್ನೇರುಘಟ್ಟದ ಕಾಡು, ತುರಹಳ್ಳಿ, ನಗರದ ಅಂಚಿನ ಕಲ್ಲುಗುಡ್ಡಗಳು, ಕುರುಚಲು ಪೊದೆಗಳಲ್ಲಿ ಚಿರತೆಗಳು ಹಿಂದಿನಿಂದಲೂ ಇವೆ. 2023ರ ಅಕ್ಟೋಬರ್ ಕೊನೆಯಲ್ಲಿ ಸಿಂಗಸಂದ್ರ, ಕೂಡ್ಲು ಗೇಟ್ ಸುತ್ತಮುತ್ತ ಒಂದು ಚಿರತೆ ಸಿಸಿಟಿವಿಯಲ್ಲಿ ಕಂಡಿತ್ತು. ನವೆಂಬರ್ 1ರಂದು ಅದನ್ನು ಹಿಡಿಯುವ ಗಡಿಬಿಡಿಯಲ್ಲಿ ಅದಕ್ಕೆ ಗುಂಡು ತಗಲಿತು, ಚಿರತೆ ಸತ್ತೇಹೋಯಿತು. ಹಾಗಾಗಿ ಇಲ್ಲಿ ಎರಡು ಕಡೆಯೂ ನಷ್ಟವಿದೆ. ಸುಳ್ಳು ಫೋಟೊಗಳು ಹೆಚ್ಚಾದಷ್ಟೂ ನಿಜವಾದ ಫೋಟೊವನ್ನು ಯಾರೂ ನಂಬುವುದಿಲ್ಲ. ಹೆದರಿದ ಜನ ಕೋಲು ಹಿಡಿದು ಹೊರಟರೆ ಸಾಯುವುದು ಬಹಳ ಸಲ ಚಿರತೆಯಲ್ಲ, ದಾರಿಯಲ್ಲಿ ಸಿಕ್ಕ ಕಾಡುಬೆಕ್ಕೋ ಪುನುಗು ಬೆಕ್ಕೋ.

ಚಳಿಗಾಲದಲ್ಲೇ ಏಕೆ ಹೆಚ್ಚು?

"ಚಳಿ ತಡೆಯಲಾಗದೆ ಪ್ರಾಣಿಗಳು ಬೆಚ್ಚಗಿನ ಜಾಗ ಹುಡುಕಿ ಊರೊಳಗೆ ಬರುತ್ತವೆ" ಎಂಬ ಮಾತು ಇಂಥ ಮೆಸೇಜುಗಳಲ್ಲಿ ಸಾಮಾನ್ಯ. ಬೆಂಗಳೂರಿನಲ್ಲಿ ಈವರೆಗೆ ದಾಖಲಾದ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ಹಿಮಾಲಯದ ಇಳಿಜಾರುಗಳಲ್ಲೂ ಬದುಕುವ ಚಿರತೆಗೆ ನಮ್ಮ ಸ್ವೆಟರ್ ಚಳಿ ಲೆಕ್ಕಕ್ಕಿಲ್ಲ.

ನಿಜವಾದ ಕಾರಣಗಳು ಬೇರೆ. ಬೆಂಗಳೂರಿನಲ್ಲಿ ಮೇ ಕೊನೆಗೆ ಸುಮಾರು 5.50ಕ್ಕೆ ಸೂರ್ಯ ಹುಟ್ಟಿದರೆ ಜನವರಿ ಕೊನೆಗೆ 6.45 ಆಗುತ್ತದೆ. ವಾಕಿಂಗ್ ಹೋಗುವವರು ಮಾತ್ರ ವರ್ಷವಿಡೀ ಐದೂವರೆಗೇ ಮನೆ ಬಿಡುತ್ತಾರೆ. ಮೇ ತಿಂಗಳಲ್ಲಿ ಆ ಹೊತ್ತಿಗೆ ಬೆಳಕು ಹರಿಯುತ್ತಿರುತ್ತದೆ, ಜನವರಿಯಲ್ಲಿ ಅದಿನ್ನೂ ರಾತ್ರಿ. ರಾತ್ರಿ ಸಂಚಾರ ಮುಗಿಸಿ ವಾಪಸಾಗುವ ಪ್ರಾಣಿಗಳ ಸಮಯಕ್ಕೆ ನಾವು ಎದುರಾಗುತ್ತೇವೆ. ಅಂದರೆ ಬದಲಾಗಿರುವುದು ಬಹುಮಟ್ಟಿಗೆ ನಮ್ಮ ಟೈಮಿಂಗ್.

ಇನ್ನೊಂದು ಕಾರಣ ಮಣ್ಣು. ನವೆಂಬರ್ ಕಳೆದ ಮೇಲೆ ಮಳೆ ನಿಲ್ಲುತ್ತದೆ. ಕೆರೆ ನೀರು ನಿಧಾನವಾಗಿ ಹಿಂದೆ ಸರಿದು ಅಂಚಿನಲ್ಲಿ ನುಣುಪಾದ ಕೆಸರು ಉಳಿಯುತ್ತದೆ, ಕಾಲುದಾರಿಗಳಲ್ಲಿ ಸಣ್ಣ ಧೂಳು ಕೂರುತ್ತದೆ. ಆಗಸ್ಟ್‌ನಲ್ಲಿ ಒಂದು ಮಳೆಗೆ ಅಳಿಸಿಹೋಗುವ ಗುರುತು ಜನವರಿಯಲ್ಲಿ ದಿನಗಟ್ಟಲೆ ಹಾಗೇ ಇರುತ್ತದೆ. ಹಳೆಯ ಗುರುತನ್ನು ಇಂದಿನದೆಂದು ತಿಳಿಯುವುದೂ ಇದರಿಂದಲೇ.

ನಾಯಿಯೋ ಚಿರತೆಯೋ: ಮೂರು ಕಡೆ ನೋಡಿ

ಮೊದಲು ಉಗುರು. ಬೆಕ್ಕಿನ ಜಾತಿಯ ಪ್ರಾಣಿಗಳು ನಡೆಯುವಾಗ ಉಗುರನ್ನು ಒಳಗೆ ಎಳೆದುಕೊಂಡಿರುತ್ತವೆ. ನಾಯಿ, ನರಿಗಳಿಗೆ ಹಾಗೆ ಮಾಡಲು ಬರುವುದಿಲ್ಲ. ಹೀಗಾಗಿ ಬೆರಳಿನ ಮುಂದೆ ಉಗುರಿನ ಚುಕ್ಕಿ ಕಂಡರೆ ಅದು ಹೆಚ್ಚಿನಂಶ ನಾಯಿ. ವಿಚಿತ್ರವೆಂದರೆ ಫಾರ್ವರ್ಡ್‌ಗಳಲ್ಲಿ ಇದು ತಲೆಕೆಳಗಾಗಿರುತ್ತದೆ. "ಉಗುರು ನೋಡಿ ಎಷ್ಟು ಚೂಪು, ಚಿರತೆಯೇ" ಎಂದು ಕೆಂಪು ವೃತ್ತ ಹಾಕಿ ಕಳುಹಿಸುತ್ತಾರೆ. ಜಾರುವ ಕೆಸರಿನಲ್ಲಿ ಮಾತ್ರ ಚಿರತೆಯೂ ಹಿಡಿತಕ್ಕಾಗಿ ಉಗುರು ಹೊರಗೆ ಹಾಕಬಹುದು. ಅದಕ್ಕೇ ಬರೀ ಉಗುರನ್ನು ನೋಡಿ ತೀರ್ಪು ಕೊಡಬಾರದು.

ಎರಡನೆಯದು ಹಿಂಭಾಗದ ದೊಡ್ಡ ಮೆತ್ತೆ. ಬೆಕ್ಕಿನ ಜಾತಿಯಲ್ಲಿ ಈ ಮೆತ್ತೆ ಅಗಲವಾಗಿದ್ದು, ಅದರ ಹಿಂದಿನ ಅಂಚಿನಲ್ಲಿ ಮೂರು ಉಬ್ಬು ಕಾಣುತ್ತವೆ. ನಾಯಿಯದ್ದು ಸಣ್ಣದು, ಹೆಚ್ಚುಕಡಿಮೆ ತ್ರಿಕೋನ.

ಮೂರನೆಯದು ಬೆರಳುಗಳ ಜೋಡಣೆ. ನಾಯಿಯ ಮುಂದಿನ ಎರಡು ಬೆರಳು ಅಕ್ಕಪಕ್ಕ ಸಮವಾಗಿರುತ್ತವೆ. ಬೆರಳುಗಳ ಮತ್ತು ಮೆತ್ತೆಯ ನಡುವಿನ ಜಾಗದಲ್ಲಿ ಒಂದು ಗುಣಾಕಾರ ಚಿಹ್ನೆ ಎಳೆದರೆ ಸಲೀಸಾಗಿ ಕೂರುತ್ತದೆ. ಚಿರತೆಯ ಹೆಜ್ಜೆಯಲ್ಲಿ ನಮ್ಮ ಕೈಯ ಮಧ್ಯದ ಬೆರಳಿನಂತೆ ಒಂದು ಬೆರಳು ಮುಂದೆ ಚಾಚಿರುತ್ತದೆ, ಒಟ್ಟು ಆಕಾರ ಗುಂಡಗೆ.

ಗಾತ್ರದ ವಿಷಯ. ನಾವು ಕೇಳುವುದು ಇಷ್ಟೇ: ಫೋಟೊ ತೆಗೆಯುವಾಗ ಪಕ್ಕದಲ್ಲಿ ಹತ್ತು ರೂಪಾಯಿ ನಾಣ್ಯ ಇಡಿ. ಅದರ ಅಗಲ 27 ಮಿಲಿಮೀಟರ್. ಮನೆಬೆಕ್ಕಿನ ಹೆಜ್ಜೆ ಒಂದು ನಾಣ್ಯದ ಆಸುಪಾಸು, ಕಾಡುಬೆಕ್ಕಿನದ್ದು ಸುಮಾರು ಎರಡು, ಬೆಳೆದ ಚಿರತೆಯದ್ದು ಸುಮಾರು ಮೂರು. ದೊಡ್ಡ ತಳಿಯ ನಾಯಿಯ ಹೆಜ್ಜೆಯೂ ಮೂರು ನಾಣ್ಯ ಮುಟ್ಟಬಹುದು, ಹಾಗಾಗಿ ಗಾತ್ರವೊಂದೇ ಸಾಕ್ಷಿಯಲ್ಲ. ಫೋಟೊ ನೇರ ಮೇಲಿನಿಂದ ತೆಗೆಯಿರಿ. ಒಂದು ಗುರುತು ಸಾಲದು, ಸಾಲಾಗಿ ಹೋದ ನಾಲ್ಕೈದು ಗುರುತು ಬೇಕು. ಒದ್ದೆ ಕೆಸರಿನಲ್ಲಿ ಹೆಜ್ಜೆ ಅಗಲವಾಗಿ ಮೂಡುತ್ತದೆ, ಅಂಚು ಕುಸಿದರೆ ಇನ್ನೂ ದೊಡ್ಡದಾಗಿ ಕಾಣುತ್ತದೆ. ಐದು ಬೆರಳು ಕಂಡರೆ ಅದು ಮುಂಗುಸಿಯೋ ಪುನುಗು ಬೆಕ್ಕೋ ಇರಬೇಕು. ನೆಮ್ಮದಿಯಾಗಿ ವಾಕಿಂಗ್ ಮುಂದುವರಿಸಿ.

"ಹೆಜ್ಜೆ ನೋಡಿ ಇದು ನಾಲ್ಕು ವರ್ಷದ ಹೆಣ್ಣು ಎಂದು ತಜ್ಞರು ಹೇಳಿದ್ದಾರೆ" ಎಂದು ಬಂದರೆ ಸ್ವಲ್ಪ ತಡೆಯಿರಿ. ನಮ್ಮ ದೇಶದಲ್ಲಿ ದಶಕಗಳ ಕಾಲ ಹುಲಿಗಳನ್ನು ಎಣಿಸಿದ್ದೇ ಹೆಜ್ಜೆ ಗುರುತಿನಿಂದ. ಆದರೆ ಮಣ್ಣು, ಇಳಿಜಾರು, ನಡಿಗೆಯ ವೇಗ ಬದಲಾದರೆ ಒಂದೇ ಪ್ರಾಣಿಯ ಹೆಜ್ಜೆ ಬೇರೆ ಬೇರೆಯಾಗಿ ಮೂಡುತ್ತದೆ. ರಾಜಸ್ಥಾನದ ಸರಿಸ್ಕಾದಲ್ಲಿ ಹುಲಿಗಳೇ ಉಳಿದಿಲ್ಲ ಎಂಬುದು 2005ರ ಹೊತ್ತಿಗೆ ಬಯಲಾದ ಮೇಲೆ ಆ ವಿಧಾನವನ್ನು ಕೈಬಿಡಲಾಯಿತು. ಈಗ ಬಳಸುವುದು ಕ್ಯಾಮೆರಾ ಟ್ರ್ಯಾಪ್. ಪ್ರತಿ ಚಿರತೆಯ ಮೈಮೇಲಿನ ಚುಕ್ಕೆಗಳ ವಿನ್ಯಾಸ ನಮ್ಮ ಬೆರಳಚ್ಚಿನಂತೆ ಬೇರೆ ಬೇರೆ. ಹುಲಿಗಳ ಪಟ್ಟೆ ಓದುವ ಈ ಕೆಲಸವನ್ನು ನಮ್ಮಲ್ಲಿ ಮೊದಲು ಗಟ್ಟಿಯಾಗಿ ಮಾಡಿ ತೋರಿಸಿದ್ದು 1990ರ ದಶಕದಲ್ಲಿ, ನಾಗರಹೊಳೆಯಲ್ಲಿ, ಉಲ್ಲಾಸ ಕಾರಂತರು.

ನಗರದ ಅಂಚಿಗೆ ಚಿರತೆಯನ್ನು ಎಳೆಯುವುದು ಚಳಿಯಲ್ಲ, ಊಟ. ಕಸದ ರಾಶಿ ಇದ್ದಲ್ಲಿ ಬೀದಿನಾಯಿ, ಬೀದಿನಾಯಿ ಇದ್ದಲ್ಲಿ ಚಿರತೆಗೆ ಸುಲಭದ ಬೇಟೆ. ನಿಮ್ಮ ಲೇಔಟ್ ಪಕ್ಕದ ಖಾಲಿ ಸೈಟಿನಲ್ಲಿ ಕಸ ಎಸೆಯುವುದನ್ನು ನಿಲ್ಲಿಸಿದರೆ ನೂರು ಫಾರ್ವರ್ಡ್‌ಗಿಂತ ಹೆಚ್ಚು ಕೆಲಸವಾಗುತ್ತದೆ ಎಂಬುದು ನಮ್ಮ ಅಭಿಪ್ರಾಯ. ಮೂರೂ ಲಕ್ಷಣ ಹೊಂದುತ್ತಿದ್ದರೆ, ಅಥವಾ ಪ್ರಾಣಿಯೇ ಕಂಡರೆ, ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ. ಗ್ರೂಪ್‌ಗೆ ಹಾಕುವುದು ಆಮೇಲೆ. ಗುಂಪು ಸೇರಿ ಸುತ್ತುವರಿದಾಗಲೇ ಚಿರತೆ ತಿರುಗಿ ಬೀಳುವುದು ಹೆಚ್ಚು.

ಚಿರತೆ ಬಿಟ್ಟು ಬೇರೆ ಏನೇನು ಕಾಣಬಹುದು?

ಹಳೆಯ ಕಟ್ಟಡ, ನೀರಿನ ಟ್ಯಾಂಕ್ ಅಥವಾ ಲಿಫ್ಟ್ ಕೋಣೆಯ ಗೋಡೆಯ ಮೇಲೆ ಸುಣ್ಣ ಸುರಿದಂತೆ ಬಿಳಿ ಗೆರೆಗಳು, ಕೆಳಗೆ ಹೆಬ್ಬೆರಳು ಗಾತ್ರದ ಬೂದು ಉಂಡೆಗಳು ಕಂಡರೆ ಮೇಲೆ ಗೂಬೆಯಿದೆ ಎಂದರ್ಥ. ಗೂಬೆ ಇಲಿಯನ್ನು ಇಡಿಯಾಗಿ ನುಂಗಿ, ಜೀರ್ಣವಾಗದ ಕೂದಲು, ಮೂಳೆಗಳನ್ನು ಉಂಡೆ ಮಾಡಿ ಬಾಯಿಂದ ಹೊರಹಾಕುತ್ತದೆ. ಉಂಡೆ ಬಿಡಿಸಿದರೆ ಪುಟ್ಟ ತಲೆಬುರುಡೆಗಳು ಸಿಗುತ್ತವೆ. "ಮನೆ ಮುಂದೆ ಯಾರೋ ಮಾಟ ಮಾಡಿ ಮೂಳೆ ಹಾಕಿದ್ದಾರೆ" ಎಂದು ನಮಗೆ ಬಂದ ಒಂದು ಫೋಟೊ ಇದೇ ಆಗಿತ್ತು. 2017ರಲ್ಲಿ ವಿಶಾಖಪಟ್ಟಣದ ಕಟ್ಟಡವೊಂದರಲ್ಲಿ ಸಿಕ್ಕ "ಅನ್ಯಗ್ರಹ ಜೀವಿ"ಗಳ ವಿಡಿಯೊ ನಿಮಗೂ ಬಂದಿರಬಹುದು. ಅವು ಪುಕ್ಕ ಮೂಡದ ಕಣಜ ಗೂಬೆಯ ಮರಿಗಳು.

ಹಾವಿನ ಪೊರೆ ಸಿಕ್ಕರೆ ಹೆದರುವ ಮೊದಲು ಒಂದು ಸಂಗತಿ ತಿಳಿದಿರಲಿ. ಕಳಚುವಾಗ ಪೊರೆ ಹಿಗ್ಗುತ್ತದೆ, ಹಾಗಾಗಿ ಹಾವು ಅದಕ್ಕಿಂತ ಗಿಡ್ಡವೇ ಇರುತ್ತದೆ. ಆದರೆ "ಚಳಿಗಾಲದಲ್ಲಿ ಹಾವುಗಳು ನಿದ್ದೆ ಹೋಗುತ್ತವೆ, ಭಯವಿಲ್ಲ" ಎಂಬ ಮಾತನ್ನು ಬೆಂಗಳೂರಿನಲ್ಲಿ ನಂಬಬೇಡಿ. ಇಲ್ಲಿನ ಚಳಿ ಅವುಗಳನ್ನು ತಿಂಗಳುಗಟ್ಟಲೆ ಮಲಗಿಸುವಷ್ಟಿಲ್ಲ. ಬಿಸಿಲು ಏರಿದ ಮೇಲೆ ಮೈ ಕಾಯಿಸಲು ಕಲ್ಲು, ದಾರಿಯ ಮೇಲೆ ಬರುತ್ತವೆ.

ಎಲೆ ಉದುರಿದ ಮರಗಳಲ್ಲಿ ಹದ್ದಿನ ಗೂಡು ಎದ್ದು ಕಾಣುವ ಕಾಲವೂ ಇದೇ. ತಾರಸಿಗೆ ಹೋದವರ ತಲೆಗೆ ಹದ್ದು ಎರಗಿದರೆ ಅದಕ್ಕೆ ಹುಚ್ಚು ಹಿಡಿದಿಲ್ಲ, ಹತ್ತಿರದಲ್ಲೆಲ್ಲೋ ಮರಿಗಳಿವೆ. ಕೆಲವು ವಾರ ಕೊಡೆ ಹಿಡಿದು ಹೋಗಿ.

ಕಾಡು ಬಾದಾಮಿ ಮರದಿಂದ ದೂರದಲ್ಲಿ, ಬೇರೆ ಯಾವುದೋ ಮರದ ಕೆಳಗೆ ಕಚ್ಚಿದ ಬಾದಾಮಿ ಕಾಯಿಗಳು ರಾಶಿ ಬಿದ್ದಿದ್ದರೆ ಅದು ಬಾವಲಿಗಳ ಊಟದ ಜಾಗ. 2018ರಲ್ಲಿ ಕೇರಳದಲ್ಲಿ ನಿಪಾ ಕಾಣಿಸಿಕೊಂಡ ನಂತರ ಇಂಥ ಫೋಟೊ ಬಂದಾಗಲೆಲ್ಲ "ಮರ ಕಡಿಸಿ" ಎನ್ನುವವರಿದ್ದಾರೆ. ಕಚ್ಚಿದ ಹಣ್ಣು ತಿನ್ನಬಾರದು, ಬಾವಲಿಯನ್ನು ಬರಿಗೈಯಲ್ಲಿ ಮುಟ್ಟಬಾರದು, ಅಷ್ಟು ಸಾಕು. ಬಾವಲಿಗಳನ್ನು ಓಡಿಸಿದರೆ ಅವು ಇನ್ನೊಂದು ಬೀದಿಗೆ ಹೋಗುತ್ತವೆ, ಅಷ್ಟೇ.

ಒಂದು ಪ್ರಾಣಿಯ ಜಾಡನ್ನು ಮಾತ್ರ ದಯವಿಟ್ಟು ಹಂಚಬೇಡಿ: ಕಾಡುಪಾಪ. ಮುನ್ನೂರು ಗ್ರಾಂ ಕೂಡ ತೂಗದ ಈ ಜೀವಿ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಂಥ ದಟ್ಟ ಮರಗಳ ಜಾಗದಲ್ಲಿ ಈಗಲೂ ಇದೆ. ಅದು ಕೋತಿಯಂತೆ ಹಾರುವುದಿಲ್ಲ, ಕೊಂಬೆಯಿಂದ ಕೊಂಬೆ ಹಿಡಿದೇ ಸಾಗುತ್ತದೆ. ಕೊಂಬೆಗಳ ಸಾಲು ತುಂಡಾದರೆ ಅದು ಅಲ್ಲೇ ಬಂದಿ. ಮಾಟಮಂತ್ರದ ಹೆಸರಿನಲ್ಲಿ ಇದನ್ನು ಹಿಡಿಯುವವರಿದ್ದಾರೆ. ಕತ್ತಲಲ್ಲಿ ಟಾರ್ಚ್ ಬೆಳಕಿಗೆ ಒಂದು ಜೊತೆ ಕಿತ್ತಳೆ ಕಣ್ಣು ಹೊಳೆದರೆ ಟಾರ್ಚ್ ಆರಿಸಿ. ಲೊಕೇಶನ್ ಹಾಕಬೇಡಿ.

ಇನ್ನು ಆ ಓದುಗರ ಕಥೆ. ನಾಯಿಯ ಹೆಜ್ಜೆ ಎಂದು ನಾವು ತಿಳಿಸಿದ ಮೇಲೂ ಅವರು ಪೂರ್ತಿ ಒಪ್ಪಲಿಲ್ಲ. ವಾರ ಬಿಟ್ಟು ಇನ್ನೊಂದು ಫೋಟೊ ಕಳುಹಿಸಿದರು. ಕಾಂಪೌಂಡ್ ಗೋಡೆಯ ಮೇಲೆ ಹಿಕ್ಕೆ, ಅದರ ತುಂಬ ಬೀಜಗಳು, ಪಕ್ಕದಲ್ಲಿ ತಪ್ಪದೆ ಹತ್ತು ರೂಪಾಯಿ ನಾಣ್ಯ. ಚಿರತೆಯ ಹಿಕ್ಕೆಯಲ್ಲಿ ಕೂದಲು, ಮೂಳೆ ಚೂರು ಇರುತ್ತದೆ, ಇಷ್ಟೊಂದು ಬೀಜ ಇರುವುದಿಲ್ಲ. ಹತ್ತಿರದಲ್ಲಿ ಬೈನೆ ಮರ ಇದೆಯೇ ಎಂದು ಕೇಳಿದೆವು. ಪಾರ್ಕಿನಲ್ಲಿ ಎರಡಿವೆ, ಹಣ್ಣು ಬಿಟ್ಟಿವೆ ಎಂದರು. ಅದು ಪುನುಗು ಬೆಕ್ಕು. ಕೊಡಗಿನ ತೋಟಗಳಲ್ಲಿ ಕಾಫಿ ಹಣ್ಣು ತಿಂದು ಬೀಜ ಬಿಟ್ಟು ಹೋಗುವುದೂ ಇದೇ. ಬೀಜ ಜೀರ್ಣವಾಗದೆ ಹೊರಬರುವುದರಿಂದ, ಗೋಡೆಯಿಂದ ಮಣ್ಣಿಗೆ ಬಿದ್ದರೆ ಮೊಳೆಯಬಲ್ಲದು. ಅವರು ಆ ಫೋಟೊವನ್ನು ಗ್ರೂಪ್‌ಗೆ ಹಾಕಿದರಂತೆ. ಚಿರತೆ ಫೋಟೊಗೆ ಬಂದಷ್ಟು ಉತ್ತರ ಬರಲಿಲ್ಲವಂತೆ. ಆದರೆ ಮೂರನೇ ಮಹಡಿಯ ಅಜ್ಜಿಯೊಬ್ಬರು, ತಮ್ಮ ಫಾಲ್ಸ್ ಸೀಲಿಂಗ್ ಮೇಲೆ ರಾತ್ರಿ ಕೇಳಿಸುತ್ತಿದ್ದ ಧಡಧಡ ಸದ್ದು ಏನೆಂದು ಈಗ ಗೊತ್ತಾಯಿತು ಎಂದರಂತೆ.